ಎತ್ತರದ ಇಂಜಿನ್ ಕೈಗೆ ಸಿಗೋಕೆ ಏಣಿನಾ, ಸ್ಟ್ಯಾಂಡಾ, ಬೂಮ್ ಲಿಫ್ಟಾ?

ಏರ್‌ಬಸ್ 320 ಮೇಲೆ ಮಾತ್ರ ಕೆಲಸ ಮಾಡಿದೋರಿಗೆ ಈ ತಲೆನೋವು ಗೊತ್ತಿರಲ್ಲ. ಅಲ್ಲಿ ಇಂಜಿನ್ ರೆಕ್ಕೆ ಕೆಳಗೆ ನೇತಾಡ್ತಿರುತ್ತೆ, ಫ್ಯಾನ್ ಕೌಲ್ (ಇಂಜಿನ್ ಮುಂಭಾಗದ ಹೊದಿಕೆ) ಲಾಚ್ ಹಾಕೋಕೆ ನೆಲದ ಮೇಲೆ ಅಂಗಾತ ಮಲಗಬೇಕು ಅನ್ನೋದೊಂದು ಬಿಟ್ರೆ ಬಹುತೇಕ ಎಲ್ಲಾ ಕೈಗೆ ಸಿಗುತ್ತೆ. ನಾನು ಕೆಲಸ ಕಲಿತಿದ್ದು ಏರ್‌ಫೋರ್ಸಲ್ಲಿ, ಯಲಹಂಕದಲ್ಲಿ, ಎಎನ್-32 ಅನ್ನೋ ಸಾಗಣೆ ವಿಮಾನದ ಮೇಲೆ. ಅದರ ರೆಕ್ಕೆನೇ ವಿಮಾನದ ನೆತ್ತಿ ಮೇಲಿದೆ, ಇಂಜಿನ್ ಆ ರೆಕ್ಕೆಗಿಂತ ಮೇಲೆ. ಬಿಸಿಲು ಜಾಸ್ತಿ ಇರೋ ಕಡೆ, ಎತ್ತರದ ರನ್‌ವೇಗಳಲ್ಲಿ ಏಳಬೇಕು ಅಂತ ದೊಡ್ಡ ಇಂಜಿನ್ ಹಾಕಿದ್ರು, ಅದಕ್ಕೆ 4.7 ಮೀಟರ್ ಪ್ರೊಪೆಲ್ಲರ್ ಬಂತು, ಅದು ನೆಲಕ್ಕೆ ತಾಗಬಾರದಲ್ಲ, ಸರಿ ಇಂಜಿನ್ನೇ ಮೇಲಕ್ಕೆ ಹೋಯ್ತು. ಪೈಲಟ್‌ಗೆ ಅನುಕೂಲ, ಸ್ಪ್ಯಾನರ್ ಹಿಡಿದೋನಿಗೆ ಗೋಳು. ರಿಟೈರ್ ಆಗಿ ಸಿವಿಲ್‌ಗೆ ಬಂದ್ಮೇಲೆ ಸಿಕ್ಕಿದ್ದು ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನ, ಅದೂ ಹೈ ವಿಂಗ್, ಅಂದ್ರೆ ರೆಕ್ಕೆ ನೆತ್ತಿ ಮೇಲೆ, ಇಂಜಿನ್ ಪುಣ್ಯಕ್ಕೆ ಸ್ವಲ್ಪ ಕೆಳಗಿದೆ, ಆದ್ರೂ ನಿಂತ್ರೆ ಕೈಗೆ ಸಿಗಲ್ಲ.

ಮೊದಲು ಏಣಿ. ಆಯಿಲ್ ಲೆವೆಲ್ ನೋಡೋದು, ಎಲ್ಲಾದ್ರೂ ಲೀಕ್ ಇದ್ಯಾ ಅಂತ ಟಾರ್ಚ್ ಬಿಟ್ಟು ನೋಡೋದು, ಇಷ್ಟಕ್ಕೆ ಏಣಿನ ಮೀರಿಸಿದ್ದು ಇಲ್ಲ, ಒಬ್ಬನೇ ಹೊತ್ಕೊಂಡು ಹೋಗಿ ಎರಡು ನಿಮಿಷದಲ್ಲಿ ಮುಗಿಸಿ ಬರ್ಬೋದು. ಆದ್ರೆ ಎರಡೂ ಕೈ ಬೇಕಾಗೋ ಕೆಲಸಕ್ಕೆ ಏಣಿ ಹತ್ತಿದ್ರೆ ಗ್ಯಾರಂಟಿ ಎಡವಟ್ಟು. ನಾನೇ ಒಂದ್ಸಲ ಏಣಿ ಮೇಲೆ ನಿಂತು, ಎಡಗೈಯಲ್ಲಿ ಕೌಲ್ ಅಂಚು ಹಿಡ್ಕೊಂಡು ಬಲಗೈಯಲ್ಲಿ ಬೋಲ್ಟ್ ಹಾಕೋಕೆ ಹೋದೆ, ಬೆರಳಲ್ಲಿದ್ದ ವಾಷರ್ ಜಾರಿ ಟಿಣ್ ಟಿಣ್ ಅಂತ ಸದ್ದು ಮಾಡ್ಕೊಂಡು ಒಳಗೆ ಹೋಯ್ತು. ಮ್ಯಾಗ್ನೆಟ್ ಬಿಟ್ರೂ ಬರಲ್ಲ, ಸ್ಟೇನ್‌ಲೆಸ್ಸು. ಅದು ಸಿಗೋವರೆಗೆ ವಿಮಾನ ಬಿಡೋ ಹಾಗಿಲ್ಲ. ಎರಡೂವರೆ ಗಂಟೆ ಕನ್ನಡಿ ಟಾರ್ಚ್ ಹಿಡಿದು ಹುಡುಕಿದ್ವಿ, ಕೊನೆಗೆ ನೋಡಿದ್ರೆ ಕೆಳಗಿನ ಕೌಲ್ ಮಡಿಕೇಲಿ ಆಯಿಲ್ ಜಿಡ್ಡಿಗೆ ಅಂಟ್ಕೊಂಡು ಕೂತಿತ್ತು, ದೋಸೆ ಹೆಂಚಿಗೆ ಕರಿಬೇವು ಅಂಟಿದ ಹಾಗೆ. ಐದು ನಿಮಿಷದ ಕೆಲಸ ಅದು.

ಚಕ್ರ ಇರೋ ಸ್ಟ್ಯಾಂಡ್ ನನ್ನ ಫೇವರಿಟ್, ಮೊದಲೇ ಹೇಳಿಬಿಡ್ತೀನಿ. ಇಂಜಿನ್ ಎರಡೂ ಪಕ್ಕಕ್ಕೆ ಬರೋ ಹಾಗೆ ಪ್ಲಾಟ್‌ಫಾರ್ಮ್, ಸುತ್ತ ರೈಲಿಂಗ್, ವಿಮಾನದ ಕಡೆ ರಬ್ಬರ್ ಬಂಪರ್, ಹ್ಯಾಂಡ್ ಪಂಪ್ ಹೊಡೆದು ಎತ್ತರ ಅಡ್ಜಸ್ಟ್ ಮಾಡ್ಕೊಳ್ಳೋದು. ಟೂಲ್ ಬಾಕ್ಸ್ ಕಾಲ ಬಳಿ, ಟಾಸ್ಕ್ ಕಾರ್ಡ್ ರೈಲಿಂಗ್‌ಗೆ ಕ್ಲಿಪ್ ಹಾಕಿ, ಬಿಚ್ಚಿದ ನಟ್ಟುಬೋಲ್ಟೆಲ್ಲಾ ಟ್ರೇನಲ್ಲಿ, ಮುಖ್ಯವಾಗಿ ಪಕ್ಕದಲ್ಲಿ ಇನ್ನೊಬ್ಬ ನಿಲ್ಲೋಕೆ ಜಾಗ ಇರುತ್ತೆ. ಇಂಜಿನ್ ಎತ್ತರದಲ್ಲಿದೆ ಅನ್ನೋದು ನಿಜವಾದ ಸಮಸ್ಯೆನೇ ಅಲ್ಲ ಅಂತ ನಂಗೆ ಇದರ ಮೇಲೆ ನಿಂತಾಗ್ಲೇ ಅನಿಸಿದ್ದು, ಎರಡು ಕೈ ಫ್ರೀ ಇದ್ದು ಇನ್ನೊಂದು ಜೊತೆ ಕಣ್ಣು ಪಕ್ಕದಲ್ಲಿದ್ರೆ ಅರ್ಧ ಕೆಲಸ ಮುಗೀತು. ಕಷ್ಟ ಏನಂದ್ರೆ ಇದು ಆನೆ ಭಾರ, ತಳ್ಳೋಕೆ ನಾಲ್ಕು ಜನ ಬೇಕು, ಒಂದು ಚಕ್ರ ಯಾವಾಗ್ಲೂ ತನ್ನ ದಾರಿಗೇ ಹೋಗ್ತಿರುತ್ತೆ. ಇನ್ನೊಂದು, ಇಂಧನ ತುಂಬಿದಾಗ ವಿಮಾನ ಸ್ವಲ್ಪ ಕೂರುತ್ತೆ, ಗ್ಯಾಪ್ ಬಿಡದೆ ಸ್ಟ್ಯಾಂಡ್ ಒತ್ತಿ ನಿಲ್ಲಿಸಿದ್ರೆ ರೈಲಿಂಗ್ ಹೋಗಿ ವಿಮಾನದ ಮೈಗೆ ತಾಗುತ್ತೆ. ಹೊಸ ಹುಡುಗರು ಇದನ್ನೇ ಮರೆಯೋದು.

ಬೂಮ್ ಲಿಫ್ಟ್, ಅಂದ್ರೆ ಉದ್ದ ತೋಳಿನ ತುದಿಗೆ ಬುಟ್ಟಿ ಇರೋ ಯಂತ್ರ, ನೋಡೋಕೆ ಚೆಂದ. ಒಬ್ಬನೇ ಬುಟ್ಟಿ ಹತ್ತಿ ಜಾಯ್‌ಸ್ಟಿಕ್ ಒತ್ತಿದ್ರೆ ಎಲ್ಲಿಗೆ ಬೇಕೋ ಅಲ್ಲಿಗೆ, ಟೈಲ್ ಮೇಲಿನ ಲೈಟ್ ಬದಲಾಯಿಸೋಕೆಲ್ಲಾ ಇದಕ್ಕೆ ಸಾಟಿ ಇಲ್ಲ. ಆದ್ರೆ ಇಂಜಿನ್ ಕೆಲಸಕ್ಕೆ? ನಮ್ಮ ಬುಟ್ಟಿ ಮೇಲೆ 230 ಕೆಜಿ ಅಂತ ಬರೆದಿತ್ತು, ಇಬ್ಬರು ಮತ್ತೆ ಟೂಲ್ ಬಾಕ್ಸ್ ಅಂದ್ರೆ ಅಲ್ಲಿಗೆ ಮುಗೀತು, ಬಿಚ್ಚಿದ ಪಾರ್ಟ್ ಎಲ್ಲಿಡೋದು? ಟಾರ್ಕ್ ರೆಂಚ್ ಎಳೆದ್ರೆ ನಟ್ ಬದಲು ಬುಟ್ಟಿನೇ ತಿರುಗಿದ ಹಾಗೆ ಆಗುತ್ತೆ. ಜೂನ್ ಜುಲೈ ಗಾಳಿಗೆ ಬೆಂಗಳೂರಲ್ಲಿ ಹೊರಗೆ ನಿಲ್ಲಿಸಿದ ವಿಮಾನದ ಹತ್ರ ಇದು ಜೋಕಾಲಿ. ಒಂದ್ಸಲ ಬಾಡಿಗೆಗೆ ತಂದ ಲಿಫ್ಟ್ ಬ್ಯಾಟರಿ ಮೇಲಿದ್ದಾಗ್ಲೇ ಕೈಕೊಟ್ಟು, ಕೆಳಗಿದ್ದೋನು ಎಮರ್ಜೆನ್ಸಿ ಲಿವರ್ ಎಲ್ಲಿದೆ ಅಂತ ಹುಡುಕೋವರೆಗೆ ಪ್ರೊಪೆಲ್ಲರ್ ಬ್ಲೇಡ್‌ನಿಂದ ಒಂದು ಗೇಣು ದೂರದಲ್ಲಿ ಕೂತಿದ್ದೆ, ಚಹಾ ಬ್ರೇಕ್ ಹೋಯ್ತು.

ನಾಲ್ಕನೇದೂ ಒಂದಿದೆ, ಫೋರ್ಕ್‌ಲಿಫ್ಟ್ ಮೇಲೆ ಮರದ ಪ್ಯಾಲೆಟ್ ಇಟ್ಟು ಅದರ ಮೇಲೆ ನಿಲ್ಲೋದು. ಮಾಡಿದೋರನ್ನ ನೋಡಿದೀನಿ, ನಾನು ಮಾತ್ರ ಹತ್ತಲ್ಲ. ಫೋರ್ಕ್‌ಲಿಫ್ಟ್ ಅಂದ್ರೆ ನಂಗೆ 1979ರ ಶಿಕಾಗೋ ಡಿಸಿ-10 ವಿಮಾನ ಅಪಘಾತ ನೆನಪಾಗುತ್ತೆ. ಅದು ಬೇರೆ ಥರದ ಶಾರ್ಟ್‌ಕಟ್. ಇಂಜಿನ್ ಬೇರೆ, ಅದನ್ನ ರೆಕ್ಕೆಗೆ ಹಿಡಿದಿಡೋ ಪೈಲಾನ್ ಬೇರೆ ಬಿಚ್ಚಿ ಅಂತ ತಯಾರಕರು ಹೇಳಿದ್ರೆ, ಎರಡೂ ಒಟ್ಟಿಗೆ ಫೋರ್ಕ್‌ಲಿಫ್ಟಲ್ಲಿ ಇಳಿಸಿದ್ರೆ ಬಿಚ್ಚೋ ಕನೆಕ್ಷನ್ 79ರಿಂದ 27ಕ್ಕೆ ಇಳಿಯುತ್ತೆ, ವಿಮಾನಕ್ಕೆ ಸುಮಾರು 200 ಗಂಟೆ ಕೆಲಸ ಉಳಿಯುತ್ತೆ ಅಂತ ಏರ್‌ಲೈನ್‌ನೋರು ಲೆಕ್ಕ ಹಾಕಿದ್ರು. ಹಾಗೆ ಬಿಚ್ಚಿ ಜೋಡಿಸೋವಾಗ ಭಾರ ಸ್ವಲ್ಪ ಆಚೀಚೆ ಆಗಿ ಪೈಲಾನ್ ಹಿಂದಿನ ಫ್ಲಾಂಜ್ (ಮಡಿಚಿದ ಅಂಚು) ಬಿರುಕು ಬಿಡ್ತು, ಕೆಲವು ವಾರ ಆದ್ಮೇಲೆ ಟೇಕಾಫ್ ಟೈಮಲ್ಲಿ ಇಂಜಿನ್ ಪೈಲಾನ್ ಸಮೇತ ಕಿತ್ತು ಬಂತು. 273 ಜನ ಸತ್ರು.

ಇನ್ನು ಇಂಜಿನ್ ಒಳಗೆ ನೋಡೋದು. ಹಳೇ ರಿಜಿಡ್ ಬೋರೊಸ್ಕೋಪ್ ಅಂದ್ರೆ ಉಕ್ಕಿನ ಕೊಳವೆ, ತುದಿಗೆ ಕಣ್ಣಿಟ್ಟು ನೋಡ್ಬೇಕು, ಚಿತ್ರ ಸೂಪರ್ ಕ್ಲಿಯರ್, ಆದ್ರೆ ಕತ್ತು ಕೊಕ್ಕರೆ ಥರ ಬಗ್ಗಿಸಿ ಅರ್ಧ ಗಂಟೆ ನಿಂತ್ರೆ ಮನೆಗೆ ಹೋಗಿ ಬಿಸಿನೀರು ಚೀಲ ಇಟ್ಕೋಬೇಕು, ಪಕ್ಕದೋನಿಗೆ ತೋರ್ಸೋಕೂ ಆಗಲ್ಲ. ಬಗ್ಗೋ ಕೇಬಲ್ ಇರೋ ವಿಡಿಯೋ ಸ್ಕೋಪ್ ಬಂದ್ಮೇಲೆ ಲೋಕನೇ ಬದಲಾಯ್ತು, ಸ್ಕ್ರೀನ್ ರೈಲಿಂಗ್‌ಗೆ ನೇತುಹಾಕಿ ಇಬ್ಬರೂ ನೋಡ್ತಾ, ಒಬ್ಬ ರೋಟರ್ (ಇಂಜಿನ್ ಒಳಗೆ ತಿರುಗೋ ಭಾಗ) ನಿಧಾನ ತಿರುಗಿಸ್ತಾ ಇನ್ನೊಬ್ಬ ಎಣಿಸ್ತಾ ಹೋಗೋದು. ಬೋಯಿಂಗ್ 737ರ ಸಿಎಫ್‌ಎಂ56-7ಬಿ ಇಂಜಿನ್‌ನ ಎಚ್‌ಪಿ (ಹೈ ಪ್ರೆಶರ್) ಟರ್ಬೈನ್‌ನಲ್ಲಿ 80 ಬ್ಲೇಡ್, 43ಕ್ಕೆ ಬಂದಾಗ ಫೋನ್ ರಿಂಗ್ ಆದ್ರೆ ಮತ್ತೆ ಒಂದರಿಂದ. ಕೇಬಲ್ ಒಳಗೆ ತೂರಿದ್ಮೇಲೆ "ತಿರುಗಿಸು" ಅಂತ ಸ್ಕೋಪ್ ಹಿಡಿದೋನು ಬಾಯಲ್ಲಿ ಹೇಳೋ ಮೊದಲೇ ರೋಟರ್ ತಿರುಗಿಸೋನನ್ನ ಈ ಕೆಲಸಕ್ಕೆ ಸೇರಿಸಬೇಡಿ, ಸಿಕ್ಕಿಹಾಕ್ಕೊಂಡ್ರೆ ತುದಿ ಕತ್ತರಿಸಿ ಹೋಗುತ್ತೆ, ಆಮೇಲೆ ತುಂಡು ತೆಗೆಯೋಕೆ ಇಂಜಿನ್ನೇ ಇಳಿಸೋ ಪರಿಸ್ಥಿತಿ.

ಹಾಗಾಗಿ ನಂದು ಹೀಗೆ: ಕಣ್ಣಲ್ಲಿ ನೋಡಿ ಬರೋದಿದ್ರೆ ಏಣಿ, ಸ್ಪ್ಯಾನರ್ ಮುಟ್ಟೋದಿದ್ರೆ ಸ್ಟ್ಯಾಂಡ್, ಒಳಗೆ ನೋಡೋದಿದ್ರೆ ಸ್ಟ್ಯಾಂಡ್ ಮೇಲೆ ವಿಡಿಯೋ ಸ್ಕೋಪ್. ನೈಟ್ ಶಿಫ್ಟಲ್ಲಿ ಸ್ಟ್ಯಾಂಡ್ ತಳ್ಳೋಕೆ ನಾಲ್ಕು ಜನ ಸಿಗದೆ ಇದ್ರೆ ಬೈಕೊಂಡು ಬೂಮ್ ಲಿಫ್ಟೇ ಹತ್ತೀನಿ, ಹತ್ತೋ ಮೊದಲು ಬ್ಯಾಟರಿ ನೋಡಿ, ಕೆಳಗಿರೋನ ಕೈಯಲ್ಲಿ ಎಮರ್ಜೆನ್ಸಿ ಲಿವರ್ ಒಂದ್ಸಲ ಎಳೆಸಿ.