ಹಳೇ ಕಿರ್ಲೋಸ್ಕರ್ ಲೇತ್, ಮನೆಯ ಸಿಂಗಲ್ ಫೇಸ್ ಕರೆಂಟು: ಸೀಮೆನ್ಸ್ ವಿ20 ಡ್ರೈವ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಸಿಂಗಲ್ ಫೇಸಿನಿಂದ ತ್ರೀ ಫೇಸ್ ಮೋಟರ್ ಓಡಿಸುವ ಈ ಡ್ರೈವ್ ಚೆನ್ನಾಗಿದೆ, ತಗೊಳ್ಳಬಹುದು. ಆದರೆ ದುಡ್ಡು ಕೊಡುವ ಮೊದಲು ನಿಮ್ಮ ಲೇತಿನ ಮೋಟರ್ ಮೇಲಿರುವ ತಗಡಿನ ಪ್ಲೇಟ್ ಒರೆಸಿ ಓದಿ. ಅದರಲ್ಲಿ ಏನಿದೆ ಅನ್ನುವುದರ ಮೇಲೇ ಎಲ್ಲಾ ನಿಂತಿದೆ.

ನನ್ನದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅವರ ಲೇತುಗಳು ಮಾತ್ರ ಇನ್ನೂ ಊರೂರಲ್ಲಿ ತಿರುಗುತ್ತಿವೆ. ಕೊಡಗಿನ ಪೊನ್ನಂಪೇಟೆ ಹತ್ತಿರ ತೋಟದ ಮನೆ ಪಕ್ಕದ ಶೆಡ್‌ನಲ್ಲಿ ಇಟ್ಟಿದ್ದೇನೆ. ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನು, ಅದರ ಶಾಫ್ಟಿಗೆ ಬುಷ್, ಪಂಪಿನ ಶಾಫ್ಟು, ಕಳೆ ಕೊಚ್ಚುವ ಮಿಷನ್ನಿನ ಬಿಡಿಭಾಗ, ಇಂಥ ಕೆಲಸಕ್ಕೆ. ಅರೇಬಿಕಾ ಹಣ್ಣು ಕೊಯ್ದು ತಂದು ಸುರಿದಿರುವಾಗ ಒಂದು ಬುಷ್ ಸವೆದು ಪಲ್ಪರ್ ನಿಂತರೆ ಏನಾಗುತ್ತದೆ ಅಂತ ಕಾಫಿಯವರಿಗೆ ಹೇಳಬೇಕಾಗಿಲ್ಲ.

ತೊಂದರೆ ಏನೆಂದರೆ ಲೇತಿನ ಮೋಟರ್ ತ್ರೀ ಫೇಸ್, 415 ವೋಲ್ಟ್. ಮನೆಗೆ ಬರುವುದು 230 ವೋಲ್ಟ್ ಸಿಂಗಲ್ ಫೇಸ್. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಇದೆಯಲ್ವಾ ಅಂತ ಕೇಳುತ್ತೀರಿ. ಅದು ದಿನಕ್ಕೆ ಕೆಲವೇ ಗಂಟೆ ಬರುತ್ತದೆ, ಮತ್ತೆ ನೀರಾವರಿಗೆ ಕೊಟ್ಟ ಲೈನಿಗೆ ಲೇತ್ ಸಿಕ್ಕಿಸುವುದು ಸರಿಯೂ ಅಲ್ಲ. ಕೆಪಾಸಿಟರ್ ಹಾಕಿ ತ್ರೀ ಫೇಸ್ ಮೋಟರನ್ನು ಸಿಂಗಲ್ ಫೇಸಿನಲ್ಲಿ ಓಡಿಸುವವರೂ ಇದ್ದಾರೆ. ಮೋಟರ್ ತಿರುಗುತ್ತದೆ, ಆದರೆ ಪೂರ್ತಿ ಶಕ್ತಿ ಸಿಗುವುದಿಲ್ಲ, ಬಿಸಿಯೂ ಜಾಸ್ತಿ. ಹಾಗಾಗಿ ವಿಎಫ್‌ಡಿ, ಅಂದರೆ ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ ಡ್ರೈವೇ ಸರಿ ಅನ್ನಿಸಿತು.

ಈಗ ಮುಖ್ಯ ವಿಷಯ. 230 ಕೊಟ್ಟರೆ ಈ ಡ್ರೈವ್ ಹೊರಗೆ ಕೊಡುವುದೂ 230ರ ತ್ರೀ ಫೇಸೇ, 415 ಅಲ್ಲ. ನನ್ನ ಮೋಟರ್ 2 ಎಚ್‌ಪಿ, ಅಂದರೆ 1.5 ಕಿಲೋವ್ಯಾಟ್, 415 ವೋಲ್ಟಿಗೆ ಸ್ಟಾರ್ ಕನೆಕ್ಷನ್, ಅಂದರೆ ಒಳಗಿನ ಮೂರು ವೈಂಡಿಂಗಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿರುವುದು. ಸ್ಟಾರ್‌ನಲ್ಲಿ ಒಂದೊಂದು ವೈಂಡಿಂಗಿಗೆ ಸಿಗುವುದು 415 ಭಾಗಿಸು 1.73, ಹತ್ತಿರ ಹತ್ತಿರ 240 ವೋಲ್ಟ್ ಅಷ್ಟೇ. ಅದನ್ನೇ ಡೆಲ್ಟಾ, ಅಂದರೆ ಒಂದರ ತುದಿಗೆ ಇನ್ನೊಂದು ಸೇರಿಸಿ ತ್ರಿಕೋನ, ಮಾಡಿದರೆ 230ರಲ್ಲೇ ಮೋಟರ್ ತನ್ನ ಪೂರ್ತಿ ಕೆಲಸ ಮಾಡುತ್ತದೆ. ನಮ್ಮಲ್ಲಿ 2 ಎಚ್‌ಪಿವರೆಗಿನ ಮೋಟರುಗಳು ಸಾಮಾನ್ಯವಾಗಿ ಸ್ಟಾರ್, ದೊಡ್ಡವು ಡೆಲ್ಟಾ. ಪ್ಲೇಟಿನಲ್ಲಿ 415 ಪಕ್ಕ ತ್ರಿಕೋನದ ಗುರುತಿದ್ದರೆ ಆಗಲೇ ಡೆಲ್ಟಾ ಅಂತ ಅರ್ಥ. ಅಂಥ ಮೋಟರನ್ನು ಈ ಡ್ರೈವಿನಲ್ಲಿ ಸುಮ್ನೆ ಸಿಕ್ಕಿಸಿದರೆ ದಮ್ಮೇ ಇರುವುದಿಲ್ಲ. 230ಕ್ಕೆ ರಿವೈಂಡ್ ಮಾಡಿಸಬೇಕು, ಇಲ್ಲಾ ಬೇರೆ ಮೋಟರ್ ಹಾಕಬೇಕು.

ಟರ್ಮಿನಲ್ ಬಾಕ್ಸ್ ಬಿಚ್ಚಿದಾಗ ಆರು ತುದಿ ಇದ್ದರೆ ಹಿತ್ತಾಳೆ ಪಟ್ಟಿ ಬದಲಿಸಿದರೆ ಕೆಲಸ ಮುಗಿಯಿತು. ನನ್ನದರಲ್ಲಿ ಬರೀ ಮೂರು ವೈರ್ ಹೊರಗೆ ಬಂದಿದ್ದವು, ಸ್ಟಾರ್ ಜಾಯಿಂಟ್ ಒಳಗೇ ಕಟ್ಟಿ ವಾರ್ನಿಷ್ ಹಾಕಿಬಿಟ್ಟಿದ್ದರು. ಗೋಣಿಕೊಪ್ಪಲಿನ ಮೋಟರ್ ವೈಂಡಿಂಗ್ ಅಂಗಡಿಗೆ ಒಯ್ದೆ. ಅಲ್ಲಿನವರ ಕೆಲಸ ನೋಡಿ ನಿಜವಾಗಲೂ ಖುಷಿಯಾಯಿತು. "ರಿವೈಂಡ್ ಯಾಕೆ ಸಾರ್, ವೈಂಡಿಂಗ್ ಒಳ್ಳೆ ತಾಮ್ರ, ಜಾಯಿಂಟ್ ಹುಡುಕಿ ಮೂರು ತುದಿ ಹೊರಗೆ ತಂದುಕೊಡ್ತೀನಿ" ಅಂದರು. ಪೂರ್ತಿ ರಿವೈಂಡ್ ಬಿಲ್ ಹಾಕಬಹುದಿತ್ತು, ಹಾಕಲಿಲ್ಲ. ತುದಿಗಳಿಗೆ ಸ್ಲೀವ್ ಹಾಕಿ, ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ತೋರಿಸಿ, ಬೇರಿಂಗ್ ಬದಲಿಸಿ ಕೊಟ್ಟರು. ಇಂಥವರು ಹತ್ತಿರ ಇದ್ದರೆ ಅರ್ಧ ಚಿಂತೆ ಕಡಿಮೆ.

ಡ್ರೈವ್ 2.2 ಕಿಲೋವ್ಯಾಟಿನದು ತಗೊಂಡೆ. ಮೋಟರಿಗಿಂತ ಒಂದು ಸೈಜ್ ಮೇಲೆ, ಹಳೇ ಮಿಷನ್ನಿಗೆ ಇದು ಒಳ್ಳೆಯದು. ಮೊದಲ ಸಲ ಆನ್ ಮಾಡಿದಾಗ 50 ಹರ್ಟ್ಸೋ 60 ಹರ್ಟ್ಸೋ ಅಂತ ಕೇಳುತ್ತದೆ, 50 ಆರಿಸಿ, ಆಮೇಲೆ ಮೋಟರಿನ ವಿವರ. ಪಿ0304 ಅನ್ನುವ ಸೆಟ್ಟಿಂಗಿನಲ್ಲಿ 230 ವೋಲ್ಟ್. ಪಿ0305ರಲ್ಲಿ ಪ್ಲೇಟಿನ ಆಂಪಿಯರ್ ಹಾಗೇ ಹಾಕಬೇಡಿ, ಡೆಲ್ಟಾ ಮಾಡಿದ್ದೀರಲ್ಲ, 1.73ರಿಂದ ಗುಣಿಸಿ. ನನ್ನದು 3.4 ಇದ್ದದ್ದು 5.9 ಆಯಿತು.

ಲೇತಿನ ಹಳೇ ಸ್ಟಾರ್ಟರ್, ಸ್ವಿಚ್ಚುಗಳನ್ನು ಡ್ರೈವ್ ಮತ್ತು ಮೋಟರ್ ನಡುವೆ ಬಿಡಬಾರದು, ಓಡುತ್ತಿರುವಾಗ ಅಲ್ಲಿ ಕತ್ತರಿಸಿದರೆ ಡ್ರೈವಿಗೆ ಪೆಟ್ಟು. ಮೋಟರ್ ನೇರ ಡ್ರೈವಿಗೆ, ಹಳೇ ಲಿವರ್ ಬರೀ ಸಿಗ್ನಲ್ ಕೊಡಲಿಕ್ಕೆ. ಬೋರ್ಡಿನಿಂದ ಬೇರೆಯೇ ಲೈನ್, ಬೇರೆ ಎಂಸಿಬಿ, ಗಟ್ಟಿ ಅರ್ತಿಂಗ್. ಡ್ರೈವಿನ ಫಿಲ್ಟರ್ ಅರ್ತಿಗೆ ಸ್ವಲ್ಪ ಕರೆಂಟ್ ಬಿಡುವುದರಿಂದ ಮನೆಯ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಸುಮ್ಮಸುಮ್ಮನೆ ಟ್ರಿಪ್ ಆಗಬಹುದು. ಅದನ್ನು ಬೈಪಾಸ್ ಮಾಡುವ ಕೆಲಸ ಬೇಡ, ಡ್ರೈವಿಗೆ ತಕ್ಕ ಆರ್‌ಸಿಸಿಬಿ ಯಾವುದು ಅಂತ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೇಳಿ ಹಾಕಿಸಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಇರುತ್ತದೆ, 5 ನಿಮಿಷ ಬಿಟ್ಟೇ ಮುಚ್ಚಳ ಮುಟ್ಟಬೇಕು.

ಓಡುವುದು ಹೇಗೆ? ತುಂಬಾ ನಯ. ಶುರುವಾಗುವಾಗ ಮನೆಯ ಲೈಟ್ ಮಂಕಾಗುವುದಿಲ್ಲ, ಬೆಲ್ಟ್ ಕಿರುಚುವುದಿಲ್ಲ. ಟರ್ನಿಂಗ್ ಮಾಡುವಾಗ ಕಂಪನ ಬಂದರೆ ನಾಬ್ ಸ್ವಲ್ಪ ತಿರುಗಿಸಿದರೆ ಸಾಕು, ಗೆರೆ ಬೀಳುವುದು ನಿಲ್ಲುತ್ತದೆ. ಥ್ರೆಡ್ ಹಾಕುವಾಗ ಸ್ಪೀಡ್ ಬದಲಿಸಿದರೂ ಪಿಚ್ ಹಾಳಾಗುವುದಿಲ್ಲ, ಯಾಕೆಂದರೆ ಟೂಲನ್ನು ಸಾಗಿಸುವ ಲೀಡ್ ಸ್ಕ್ರೂ ತಿರುಗುವುದು ಸ್ಪಿಂಡಲಿನ ಗೇರಿನಿಂದಲೇ. ಆದರೆ ಡ್ರೈವ್ ಇದೆ ಅಂತ ಬ್ಯಾಕ್ ಗೇರ್, ಅಂದರೆ ಲೇತಿನಲ್ಲೇ ಇರುವ ಸ್ಪೀಡ್ ಇಳಿಸಿ ಬಲ ಹೆಚ್ಚಿಸುವ ಗೇರು, ಮರೆಯಬೇಡಿ. ಡ್ರೈವಿನಲ್ಲಿ ಸ್ಪೀಡ್ ಇಳಿಸಿದರೆ ಗೇರಿನ ಹಾಗೆ ಬಲ ಹೆಚ್ಚುವುದಿಲ್ಲ, ಮೋಟರಿನ ಫ್ಯಾನೂ ನಿಧಾನವಾಗುವುದರಿಂದ ಮೋಟರ್ ಬಿಸಿಯಾಗುತ್ತದೆ. ನಾನು 25 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚು ಹೊತ್ತು ಓಡಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ ಅಂತ ಒತ್ತಿ ಹೇಳುತ್ತೇನೆ. ಕೆಲಸದ ತುಂಡನ್ನು ಹಿಡಿಯುವ ಚಕ್ ಅನ್ನು ಥ್ರೆಡ್ಡಿನಲ್ಲಿ ತಿರುಗಿಸಿ ಕೂರಿಸುವ ಹಳೇ ಲೇತಾದರೆ ಪಿ1121, ಅಂದರೆ ನಿಲ್ಲುವ ಸಮಯ, ತೀರಾ ಕಡಿಮೆ ಇಡಬೇಡಿ. ಸ್ಪಿಂಡಲ್ ಗಕ್ಕನೆ ನಿಂತರೆ ಭಾರದ ಚಕ್ ತಿರುಗುತ್ತಲೇ ಇದ್ದು ಬಿಚ್ಚಿಕೊಂಡು ಬರುತ್ತದೆ, ಕಾಲಿನ ಮೇಲೆ ಬಿದ್ದರೆ ಮುಗಿಯಿತು. ರಿವರ್ಸ್ ಕೂಡ ಹಾಗೇ ಅಪಾಯ.

ಮಳೆಗಾಲದಲ್ಲಿ ವೋಲ್ಟೇಜ್ ಕುಸಿದಾಗ ಎಫ್3, ಅಂದರೆ ವೋಲ್ಟೇಜ್ ಕಡಿಮೆ ಅನ್ನುವ ಕೋಡ್, ತೋರಿಸಿ ಡ್ರೈವ್ ನಿಲ್ಲುತ್ತದೆ, ಅದು ಡ್ರೈವಿನ ದೋಷವಲ್ಲ, ತನ್ನನ್ನು ಕಾಪಾಡಿಕೊಳ್ಳುವ ರೀತಿ. ಏಪ್ರಿಲ್, ಮೇ ಗುಡುಗಿಗೆ ಮೇನ್ ಆಫ್ ಮಾಡಿಯೇ ಮಲಗುತ್ತೇನೆ. ತೇವಕ್ಕೆ ಮೋಟರ್ ಮೆಗ್ಗರ್ ಮಾಡುವುದಾದರೆ ಡ್ರೈವಿನ ವೈರ್ ಕಡ್ಡಾಯವಾಗಿ ಬಿಚ್ಚಿ, ಇಲ್ಲದಿದ್ದರೆ ಡ್ರೈವ್ ಸುಟ್ಟುಹೋಗುತ್ತದೆ.

ಟೂಲಿಗೆ ತಂಪು ದ್ರವ ಹರಿಸುವ ಕೂಲೆಂಟ್ ಪಂಪ್ ಕೂಡ 415ರದ್ದೇ ಇತ್ತು, ಅದನ್ನು ಈ ಡ್ರೈವಿಗೆ ಸೇರಿಸಬೇಡಿ, ಲೇತಿನ ಸ್ಪೀಡ್ ಇಳಿಸಿದಾಗ ಪಂಪೂ ನಿಧಾನವಾಗುತ್ತದೆ. ನಾನು ಅದರ ಜಾಗಕ್ಕೆ ಸಣ್ಣ ಸಿಂಗಲ್ ಫೇಸ್ ಪಂಪ್ ಹಾಕಿದ್ದೇನೆ, ಅದಕ್ಕೆ ಬೇರೆ ಸ್ವಿಚ್ಚು.