ಅಂಗಡಿಗೆ ಜನ ಬೇಕು: ಶಿಫಾರಸು, ವಾಟ್ಸಾಪ್, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್, ಯಾವುದು ಸರಿ?

ಬದಿಯಡ್ಕದ ಕಡೆ ಪಂಪ್‌ಸೆಟ್, ಕಳೆ ಕೊಚ್ಚುವ ಮೆಷಿನ್, ಸ್ಪ್ರೇಯರ್ ಮಾರಿ ರಿಪೇರಿ ಮಾಡುವ ಅಂಗಡಿ ನಮ್ಮದು. ಬೇಕಾಗುವುದು ಎರಡೇ ಥರದ ಜನ. ಕೌಂಟರಿನಲ್ಲಿ ಬಿಲ್ಲು ಬರೆಯುವವರು, ಹಿಂದಿನ ಶೆಡ್ಡಿನಲ್ಲಿ ಮೆಷಿನ್ ಬಿಚ್ಚುವವರು. ಮಳೆ ಹಿಡಿಯುವ ಮೊದಲು ಎಲ್ಲರೂ ಅಡಿಕೆಗೆ ಮದ್ದು ಬಿಡಬೇಕು, ಎಲ್ಲರ ಪಂಪೂ ಒಟ್ಟಿಗೇ ಕೆಟ್ಟಿರುತ್ತದೆ. ಆಗ ಕೆಲಸ ಬಾರದ ಒಬ್ಬ ಒಳಗಿದ್ದರೆ ಉಳಿದವರ ಕೆಲಸವೂ ಕೆಡುತ್ತದೆ. ಜನ ಹುಡುಕುವ ದಾರಿಗಳನ್ನೆಲ್ಲ ಹಾಗಾಗಿಯೇ ನೋಡಿದ್ದೇನೆ.

ಮೊದಲನೆಯದು ಶಿಫಾರಸು. ನಮ್ಮೂರಲ್ಲಿ ಇದನ್ನು ಹುಡುಕಬೇಕಾಗಿಲ್ಲ, ತಾನಾಗಿ ಬರುತ್ತದೆ. ಭಾವನ ಕಡೆಯ ಹುಡುಗ, ಜಾತ್ರೆ ಕಮಿಟಿಯವರು ಹೇಳಿದ ಹುಡುಗಿ. ಮನೆ ಗೊತ್ತು, ಗುಣ ಗೊತ್ತು, ಬೇಗ ಬಿಟ್ಟು ಹೋಗುವುದೂ ಇಲ್ಲ. ತೊಂದರೆ ಬೇರೆ ಕಡೆ ಇದೆ. ಕೆಲಸ ಬರದಿದ್ದರೆ ಹೋಗು ಅನ್ನಲಾಗುವುದಿಲ್ಲ. ಅಂದರೆ ಮುಂದಿನ ಮದುವೆ ಮನೆಯಲ್ಲಿ ಲೆಕ್ಕ ಕೊಡಬೇಕು. ಇನ್ನೊಂದು, ನೆಂಟರ ಮೂಲಕ ಬರುವವರು ಹೆಚ್ಚಾಗಿ ನಮ್ಮ ಮಾತಿನವರೇ. ಕಾಸರಗೋಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದೇ ಬೆಳಿಗ್ಗೆ ಹವ್ಯಕರು, ತುಳುವರು, ಬ್ಯಾರಿ ಭಾಷೆಯವರು, ಮಲಯಾಳಿಗಳು ಬರುತ್ತಾರೆ. ಕೌಂಟರಿನಲ್ಲಿ ಇರುವವರಿಗೆಲ್ಲ ಕನ್ನಡ, ಹವ್ಯಕ ಮಾತ್ರ ಬಂದರೆ ಅರ್ಧ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ.

ಆದರೆ ಶಿಫಾರಸಿನಲ್ಲೇ ಇನ್ನೊಂದು ಜಾತಿ ಇದೆ: ಈಗಾಗಲೇ ಕೆಲಸದಲ್ಲಿ ಇರುವವರು ಕರೆತರುವುದು. ನಮ್ಮ ಹಿರಿಯ ಮೆಕಾನಿಕ್ ಸುಮ್ನೆ ಯಾರನ್ನೂ ಕರೆತರುವುದಿಲ್ಲ. ಬಂದವನು ಕೆಡಿಸಿದ್ದನ್ನು ತಾನೇ ಸರಿ ಮಾಡಬೇಕು ಅಂತ ಅವರಿಗೆ ಗೊತ್ತು. ಶೆಡ್ಡಿನ ಕೆಲಸಕ್ಕೆ ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಸಂಜೆಯೊಳಗೆ ಫೋನ್ ತುಂಬುತ್ತದೆ. ಹೆಚ್ಚಿನವು ಒಂದೇ ಸಾಲಿನ ಮೆಸೇಜು: ಸಂಬಳ ಎಷ್ಟು? ಹಾಗಾಗಿ ಸಂಬಳ, ಸಮಯ, ಮಲಯಾಳ ಓದಲು ಬರೆಯಲು ಬರಬೇಕು ಎನ್ನುವುದು, ಮೂರನ್ನೂ ಮೊದಲೇ ಬರೆದು ಹಾಕುತ್ತೇವೆ. ಬರುವವರು ಕಡಿಮೆಯಾಗುತ್ತಾರೆ, ಬಂದವರು ಕೆಲಸಕ್ಕೆ ಬರುತ್ತಾರೆ. ಪತ್ರಿಕೆಯ ಜಾಹೀರಾತಿಗೆ ಖರ್ಚು ಜಾಸ್ತಿ. ಅದನ್ನು ನೋಡಿ ಫೋನ್ ಮಾಡುವುದು ಹುಡುಗರಲ್ಲ, ಅಪ್ಪಂದಿರು!

ವಿದ್ಯಾನಗರದ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ದಾರಿ ನಮ್ಮಂಥ ಸಣ್ಣವರಿಗೆ ಕಡ್ಡಾಯ ಅಲ್ಲ. 2025ರವರೆಗೆ ಇದ್ದ 1959ರ ಕಾನೂನಿನ ಪ್ರಕಾರ 25 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಯನ್ನು ತಿಳಿಸಬೇಕಿತ್ತು. ಅವರು ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಅಂತ ಮಾತ್ರ ಇಲ್ಲ. ಅಲ್ಲಿ ಹೆಸರು ಬರೆಸಿದವರ ಮನಸ್ಸು ಹೆಚ್ಚಾಗಿ ಸರ್ಕಾರಿ ಕೆಲಸದ ಮೇಲೆ. 179 ದಿನದ ತಾತ್ಕಾಲಿಕ ಹುದ್ದೆಗೆ ಕರೆ ಬಂದರೂ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾನಾದರೂ ಹೋಗುತ್ತಿದ್ದೆ. ಓದು, ಸರ್ಟಿಫಿಕೇಟು ಮುಖ್ಯ ಆಗುವ ಲೆಕ್ಕಪತ್ರದ ಕೆಲಸಕ್ಕೆ ಈ ದಾರಿ ಒಳ್ಳೆಯದು. ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದೂ ಒಂದು ದಾರಿ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಸ್ಟೈಪೆಂಡ್ ಕೊಡಬೇಕು, ಕಲಿಸಲು ಪುರುಸೊತ್ತೂ ಬೇಕು. ಮೇ ತಿಂಗಳಲ್ಲಿ ನಮಗೆ ಅದಿಲ್ಲ.

ಇನ್ನು ಆರಿಸುವುದು. ಕೂರಿಸಿ ಮಾತಾಡಿಸುವುದಾ, ಕೆಲಸ ಮಾಡಿಸಿ ನೋಡುವುದಾ? ಸ್ಮಿತ್ ಮತ್ತು ಹಂಟರ್ ಅನ್ನುವ ಸಂಶೋಧಕರು 1998ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ದರು. ಆರಿಸುವ ಒಂದೊಂದು ದಾರಿಯ ಫಲಿತಾಂಶವೂ ಆ ಜನ ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎನ್ನುವುದರ ಜೊತೆ ಎಷ್ಟು ಹೊಂದುತ್ತದೆ ಅಂತ ಲೆಕ್ಕ. ಪೂರ್ತಿ ಹೊಂದಿದರೆ 1. ಮಾಡಿಸಿ ನೋಡುವುದಕ್ಕೆ 0.54, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಸಂದರ್ಶನಕ್ಕೆ 0.51, ಮನಸ್ಸಿಗೆ ಬಂದಂತೆ ಮಾತಾಡಿಸುವುದಕ್ಕೆ 0.38. ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಇವು 0.33, 0.42, 0.19ಕ್ಕೆ ಇಳಿದವು. ಒಂದೇ ಪ್ರಶ್ನೆಯ ಸಂದರ್ಶನ ಮುಂದೆ ಬಂತು. ಶೆಡ್ಡಿನ ಮಟ್ಟಿಗೆ ನಾನು ಒಪ್ಪುವುದಿಲ್ಲ. ಕೈಯಿಂದ ಆಗುವ ಕೆಲಸವನ್ನು ಬಾಯಲ್ಲಿ ಕೇಳಿ ಏನು ತಿಳಿಯುತ್ತದೆ? ಆದರೆ ಸುಮ್ಮನೆ ಹರಟುವುದು ಎರಡು ಲೆಕ್ಕದಲ್ಲೂ ಕೆಳಗೇ ಇದೆ, ಅದು ಸರಿ. ಮಾತು ಚೆನ್ನಾಗಿದ್ದವರು ಮನಸ್ಸಿಗೆ ಹಿಡಿಸಿಬಿಡುತ್ತಾರೆ.

ನಾವು ಮಾಡಿಸುವುದು ಸಣ್ಣ ಸಣ್ಣ ಕೆಲಸ. ಕೌಂಟರಿಗೆ ಬಂದವರಿಗೆ ಒಂದು ಬಿಲ್ಲು ಕೊಡುತ್ತೇವೆ: ಒಟ್ಟು 1180 ರೂಪಾಯಿ, 18% ತೆರಿಗೆ ಇದರೊಳಗೇ ಇದೆ, ತೆರಿಗೆ ಎಷ್ಟು? 180 ಅನ್ನುವವರು ಕಡಿಮೆ. ಹೆಚ್ಚಿನವರು 1180ಕ್ಕೇ 18% ಹಾಕಿ 212.40 ಅನ್ನುತ್ತಾರೆ. ಆಮೇಲೆ ಮಲಯಾಳದಲ್ಲಿ ಬರೆದ ದೂರಿನ ಚೀಟಿ ಓದಿಸಿ, ಅದನ್ನು ಕನ್ನಡದಲ್ಲಿ ಹೇಳಿಸುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮಾತಿನಲ್ಲಿ ಚುರುಕು, ಓದುವಾಗ ತಡವರಿಸುತ್ತಾರೆ. ಬೇರೆಲ್ಲ ಸರಿ ಇದ್ದರೆ ತೆಗೆದುಕೊಂಡು ಕಲಿಸುತ್ತೇವೆ, ಮನಸ್ಸಿಟ್ಟರೆ ಬೇಗ ಬರುತ್ತದೆ.

ಶೆಡ್ಡಿಗೆ ಬಂದವರ ಮುಂದೆ ಸ್ಟಾರ್ಟ್ ಆಗದ ಕಳೆ ಮೆಷಿನ್ ಇಡುತ್ತೇವೆ. ಪೆಟ್ರೋಲ್ ಇದೆಯಾ, ಪ್ಲಗ್ಗಿನಲ್ಲಿ ಕಿಡಿ ಇದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ ನೋಡಿದರೆ ಒಳ್ಳೆಯದು. ನೇರವಾಗಿ ಕಾರ್ಬ್ಯುರೇಟರಿಗೆ ಕೈ ಹಾಕಿದರೆ ಅಲ್ಲಿಗೇ ಗೊತ್ತಾಗುತ್ತದೆ. ಬಿಚ್ಚಿದ ಸ್ಕ್ರೂ ಎಲ್ಲಿ ಇಡುತ್ತಾನೆ ಎನ್ನುವುದನ್ನೂ ನೋಡುತ್ತೇನೆ.

ಮಾತಿನಲ್ಲೇ ಕೇಳಬೇಕಾದ್ದು ಒಂದಿದೆ: ಪಾಸ್‌ಪೋರ್ಟ್ ಮಾಡಿಸಿದ್ದೀಯಾ? ಈ ಜಿಲ್ಲೆಯಲ್ಲಿ ವೀಸಾ ಬಂದರೆ ಯಾರೂ ನಿಲ್ಲುವುದಿಲ್ಲ. ಹೌದು ಅಂದವರನ್ನು ಬಿಡುವುದಿಲ್ಲ, ಆದರೆ ಹೋಗುವ ಮೊದಲು ಒಂದು ತಿಂಗಳು ಮುಂಚೆ ಹೇಳಬೇಕು ಅಂತ ಕಾಗದದಲ್ಲಿ ಬರೆಸಿಕೊಳ್ಳುತ್ತೇವೆ.

ಕೌಂಟರಿಗೆ ವಾಟ್ಸಾಪ್, ಶೆಡ್ಡಿಗೆ ಮೆಕಾನಿಕ್ಕಿನ ಮಾತು, ಇಬ್ಬರಿಗೂ ಒಂದು ದಿನದ ಪರೀಕ್ಷೆ. ಈಗ ಹೀಗೆ ನಡೆಯುತ್ತಿದೆ. ಪರೀಕ್ಷೆಯ ದಿನದ ಸಂಬಳವನ್ನು ಅದೇ ಸಂಜೆ ಕೊಡುತ್ತೇವೆ, ಆಯ್ಕೆ ಆಗದವರಿಗೂ. ಹಾಗೆ ಹೋದ ಕೆಲವರು ಆಮೇಲೆ ತಮ್ಮ ಗೆಳೆಯರನ್ನು ನಮ್ಮಲ್ಲಿಗೆ ಕಳಿಸಿದ್ದೂ ಇದೆ.