ಸೆಕೆಂಡ್ ಒಪಿನಿಯನ್: ಡಾಕ್ಟರ್ ಬದಲಿಸೋದಾ, ಸ್ಲೈಡ್ ಮತ್ತೆ ಓದಿಸೋದಾ?

ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಾಣಿಸಿತು, ಬಯಾಪ್ಸಿ ಮಾಡಿಸಿದೆ. ಗರ್ಭಕೋಶದ ಒಳಪದರದ ಕ್ಯಾನ್ಸರ್, ಎಂಡೊಮೆಟ್ರಿಯಾಯ್ಡ್ ಎಂಬ ಸಾಮಾನ್ಯ ಬಗೆ, ಗ್ರೇಡ್ 1 (ಅಂದರೆ ಕಡಿಮೆ ಆಕ್ರಮಣಕಾರಿ) ಎಂದು ರಿಪೋರ್ಟ್ ಬಂತು. ಗರ್ಭಕೋಶ ತೆಗೆದರೆ ಮುಗೀತು ಅಂದರು ಡಾಕ್ಟರ್. ಇರಬಹುದು. ಆದರೆ ಒಮ್ಮೆ ತೆಗೆದದ್ದನ್ನು ಮತ್ತೆ ಇಡೋಕಾಗಲ್ಲ ಅಲ್ವಾ? ಅದಕ್ಕೇ ಕೈಗೆಟುಕಿದ ದಾರಿಗಳನ್ನೆಲ್ಲ ನೋಡಿದೆ. ಎಲ್ಲದಕ್ಕೂ ಸೆಕೆಂಡ್ ಒಪಿನಿಯನ್ ಅಂತಲೇ ಹೆಸರು, ಸಿಗುವುದು ಮಾತ್ರ ಬೇರೆ ಬೇರೆ.

ಎಲ್ಲರೂ ಮೊದಲು ಮಾಡುವುದು ಇನ್ನೊಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಹೋಗುವುದು. ನಾನೂ ಹೋದೆ. ತಾಳ್ಮೆಯಿಂದ ಮಾತಾಡಿದರು, ನನ್ನ ಬಿಪಿ, ಶುಗರ್ ಎಲ್ಲ ವಿಚಾರಿಸಿದರು, ಮೊದಲ ಡಾಕ್ಟರ್ ಹೇಳಿದ್ದೇ ಸರಿ ಅಂದರು. ಮನಸ್ಸು ಹಗುರವಾಯಿತು, ನಿಜ. ಆದರೆ ಅವರು ಓದಿದ್ದೂ ಅದೇ ಕಾಗದವನ್ನೇ. ಕಾಗದದಲ್ಲೇ ತಪ್ಪಿದ್ದರೆ ಹತ್ತು ಡಾಕ್ಟರ್ ಓದಿದರೂ ತಪ್ಪು ಹಾಗೇ ಉಳಿಯುತ್ತದೆ. ಚಿಕಿತ್ಸೆಯಲ್ಲಿ ಆಯ್ಕೆ ಇದೆಯಾ ಅಂತ ಕೇಳೋಕೆ ಈ ದಾರಿ ಒಳ್ಳೆಯದು. ಉದಾಹರಣೆಗೆ, ಮುಂದೆ ಮಗು ಬೇಕೆನ್ನುವ ಚಿಕ್ಕ ವಯಸ್ಸಿನವರಿಗೆ, ಗ್ರೇಡ್ 1 ಇದ್ದು ಒಳಪದರ ದಾಟಿರದಿದ್ದರೆ, ಆಪರೇಷನ್ ಮುಂದೂಡಿ ಪ್ರೊಜೆಸ್ಟಿನ್ ಹಾರ್ಮೋನ್ ಕೊಟ್ಟು ನೋಡುವುದುಂಟು. ಕೇಳದೆ ಯಾರೂ ಹೇಳದೇ ಇರಬಹುದು.

ಆನ್‌ಲೈನ್ ಒಪಿನಿಯನ್ ಸುಲಭ. ರಿಪೋರ್ಟ್, ಸ್ಕ್ಯಾನ್ ಅಪ್‌ಲೋಡ್ ಮಾಡಿದರೆ ಉತ್ತರ ಬರವಣಿಗೆಯಲ್ಲಿ ಬರುತ್ತದೆ, ಮನೆಯವರೆಲ್ಲ ಕೂತು ಓದಬಹುದು. ನನಗೆ ಉತ್ತರಕ್ಕಿಂತ ಅವರು ಕೇಳಿದ ಪ್ರಶ್ನೆಗಳೇ ಜಾಸ್ತಿ ಉಪಯೋಗವಾದವು: ಪಿ53 (ಕ್ಯಾನ್ಸರ್ ತಡೆಯುವ ಒಂದು ಪ್ರೋಟೀನ್) ಟೆಸ್ಟ್ ಆಗಿದೆಯಾ, ಎಂಎಂಆರ್ (ಡಿಎನ್‌ಎ ತಪ್ಪು ಸರಿಪಡಿಸುವ) ಪ್ರೋಟೀನ್ ನೋಡಿದ್ದಾರಾ, ಎಂಆರ್‌ಐನಲ್ಲಿ ಗೆಡ್ಡೆ ಗರ್ಭಕೋಶದ ಸ್ನಾಯುವಿನೊಳಗೆ ಎಷ್ಟು ಇಳಿದಿದೆ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಿಂದ ಪರೀಕ್ಷೆ ಮಾಡೋದು ಇಲ್ಲಿ ಸಾಧ್ಯವಿಲ್ಲ ಅನ್ನೋದೇ ಕೊರತೆ, ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅದು ದೊಡ್ಡ ಕೊರತೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಸ್ಲೈಡ್ ರಿವ್ಯೂ, ಅಂದರೆ ಬಯಾಪ್ಸಿಯನ್ನೇ ಇನ್ನೊಬ್ಬರಿಂದ ಮತ್ತೆ ಓದಿಸುವುದು. ಇದರ ಬಗ್ಗೆ ಯಾರೂ ತಾವಾಗಿ ಹೇಳುವುದಿಲ್ಲ, ಯಾಕೋ. ಬಯಾಪ್ಸಿ ಮಾಡಿದ ಲ್ಯಾಬ್‌ನಲ್ಲಿ ನಮ್ಮ ಅಂಗಾಂಶ ಮೇಣದ ಬ್ಲಾಕ್‌ನೊಳಗೆ ಇರುತ್ತದೆ, ಅದರಿಂದ ಕತ್ತರಿಸಿದ ತೆಳು ಪದರಗಳು ಗಾಜಿನ ಸ್ಲೈಡ್ ಮೇಲೆ ಇರುತ್ತವೆ. ಎರಡನ್ನೂ ಕೇಳಿ ಪಡೆಯಿರಿ. ಬರೀ ಸ್ಲೈಡ್ ತಂದರೆ ಹಳೆಯದನ್ನೇ ನೋಡಬಹುದು, ಬ್ಲಾಕ್ ಇದ್ದರೆ ಹೊಸ ಪದರ ಕತ್ತರಿಸಿ ಹೊಸ ಟೆಸ್ಟ್ ಮಾಡಬಹುದು. ಬ್ಲಾಕ್ ಕೊಟ್ಟಲ್ಲಿ ರಸೀದಿ ತೆಗೆದುಕೊಳ್ಳಿ, ಕಳೆದುಹೋದರೆ ಅದು ಮತ್ತೆ ಸಿಗದ ವಸ್ತು. ಸ್ತ್ರೀಯರ ಕ್ಯಾನ್ಸರ್‌ನ ಸ್ಲೈಡ್‌ಗಳನ್ನೇ ದಿನಾ ನೋಡುವ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸುವ ಡಾಕ್ಟರ್) ಬಳಿ ಓದಿಸಿ.

ನನ್ನದರಲ್ಲಿ ಪಿ53 ಅಸಹಜ ಅಂತ ಬಂತು, ಬಗೆ ಸೀರಸ್ ಅಂದರು. ಸೀರಸ್ ಅಂದರೆ ಶುರುವಿನಿಂದಲೇ ಹೈ ಗ್ರೇಡ್, ಹೆಚ್ಚು ಆಕ್ರಮಣಕಾರಿ. ಸ್ನಾಯುವಿನೊಳಗೆ ಆಳಕ್ಕೆ ಇಳಿಯದೆಯೂ ಹೊಟ್ಟೆಯೊಳಗೆ ಹರಡಬಲ್ಲದು. ಹಾಗಾಗಿ ಬರೀ ಗರ್ಭಕೋಶ ತೆಗೆಯುವ ಮಾತು ಹೋಗಿ, ಅಂಡಾಶಯ, ನಾಳಗಳ ಜೊತೆ ಲಿಂಫ್ ಗ್ರಂಥಿಗಳ ಪರೀಕ್ಷೆ, ಒಮೆಂಟಮ್ ಎಂಬ ಕೊಬ್ಬಿನ ಪದರದ ತುಂಡು, ಆಮೇಲೆ ಕೀಮೊ ಬೇಕಾಗಬಹುದು ಅನ್ನುವ ಪ್ಲಾನ್ ಬಂತು. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊದ 2023ರ ಸ್ಟೇಜಿಂಗ್‌ನಲ್ಲಿ (ರೋಗದ ಹಂತ ಗುರುತಿಸುವ ಪದ್ಧತಿ) ಕ್ಯಾನ್ಸರ್‌ನ ಬಗೆ ಮತ್ತು ಪಿ53ಯಂಥ ಗುರುತುಗಳೂ ಲೆಕ್ಕಕ್ಕೆ ಬರುತ್ತವೆ. ಎಂಎಂಆರ್ ಪ್ರೋಟೀನ್ ಕಾಣೆಯಾಗಿದ್ದರೆ ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಇರಬಹುದೇ ಎಂದು ನೋಡಬೇಕು, ಆಗ ಮನೆಯವರ ಕರುಳಿನ ಕ್ಯಾನ್ಸರ್ ಅಪಾಯವೂ ವಿಷಯಕ್ಕೆ ಬರುತ್ತದೆ. ಬಯಾಪ್ಸಿ ತುಣುಕು ಚಿಕ್ಕದು, ಪೂರ್ತಿ ಕಥೆ ಹೇಳದು: 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬಯಾಪ್ಸಿಯಲ್ಲಿ ಕ್ಯಾನ್ಸರ್‌ಗೆ ಮುಂಚಿನ ಹಂತ ಎಂದು ಬಂದವರಲ್ಲಿ ಸುಮಾರು 43% ಮಂದಿಗೆ ಗರ್ಭಕೋಶ ತೆಗೆದು ನೋಡಿದಾಗ ಕ್ಯಾನ್ಸರ್ ಇತ್ತು.

ಇನ್ನು ಟ್ಯೂಮರ್ ಬೋರ್ಡ್ ಇರುವ ಕ್ಯಾನ್ಸರ್ ಆಸ್ಪತ್ರೆ. ಗೈನೆಕ್ ಆಂಕಾಲಜಿಸ್ಟ್ (ಸ್ತ್ರೀಯರ ಕ್ಯಾನ್ಸರ್ ತಜ್ಞರು), ರೇಡಿಯೇಶನ್ ಮತ್ತು ಕೀಮೊ ಡಾಕ್ಟರ್‌ಗಳು, ಸ್ಕ್ಯಾನ್ ಓದುವವರು, ಪೆಥಾಲಜಿಸ್ಟ್ ಎಲ್ಲ ಒಟ್ಟಿಗೆ ಕೂತು ನಿರ್ಧರಿಸುತ್ತಾರೆ. ಕಾಯಬೇಕು, ಸುಸ್ತಾಗುತ್ತದೆ. ಮೀಟಿಂಗ್‌ಗೆ ನಮ್ಮನ್ನು ಸಾಮಾನ್ಯವಾಗಿ ಕರೆಯಲ್ಲ, ಎರಡು ಸಾಲಿನ ತೀರ್ಮಾನ ಕೈಗೆ ಬರುತ್ತದೆ. ಕಾರಣ ಕೇಳಿ ಬರೆಸಿಕೊಳ್ಳಿ. ಒಂದೇ ದಾರಿಗೆ ಶಕ್ತಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ, ಸ್ಲೈಡ್‌ಗಳನ್ನೂ ಮತ್ತೆ ಓದುತ್ತಾರೆ ಎಂದಾದರೆ ಮಾತ್ರ. ಅಷ್ಟು ದೂರ ಹೋಗಲಾಗದವರಿಗೆ ಸ್ಲೈಡ್ ರಿವ್ಯೂ ಮಾಡಿಸಿ ಅದರ ಮೇಲೆ ಆನ್‌ಲೈನ್ ಒಪಿನಿಯನ್ ಪಡೆಯುವುದು ಸಾಕಷ್ಟು ಚೆನ್ನಾಗಿದೆ. ಬರೀ ಇನ್ನೊಬ್ಬ ಡಾಕ್ಟರ್ ಅನ್ನುವುದು ನನ್ನ ಪಟ್ಟಿಯಲ್ಲಿ ಕೊನೆಗೆ.

ಅಂಡಾಶಯದ ಕ್ಯಾನ್ಸರ್ ವಿಷಯ ಬೇರೆ. ಅಲ್ಲಿ ಆಪರೇಷನ್‌ಗೆ ಮುಂಚೆ ಬಯಾಪ್ಸಿ ಇಲ್ಲದೇ ಇರಬಹುದು, ಸಿಎ-125 ಎಂಬ ರಕ್ತಪರೀಕ್ಷೆಯ ಅಂಶ ಎಂಡೊಮೆಟ್ರಿಯೋಸಿಸ್‌ನಲ್ಲೂ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಹೊಟ್ಟೆಯ ಟಿಬಿಯಲ್ಲೂ ಏರಬಹುದು. ಆದ್ದರಿಂದ ಸ್ಕ್ಯಾನ್ ಮತ್ತೆ ಓದಿಸಿ, ಯಾರು ಆಪರೇಷನ್ ಮಾಡುತ್ತಾರೆ, ಕೀಮೊ ಮೊದಲೋ ಆಮೇಲೋ ಅಂತ ಕೇಳಿ. ಗರ್ಭಕಂಠದ ಕ್ಯಾನ್ಸರ್‌ಗೆ ರ‍್ಯಾಡಿಕಲ್ ಆಪರೇಷನ್ (ಗರ್ಭಕೋಶದ ಜೊತೆ ಸುತ್ತಲಿನ ಅಂಗಾಂಶವನ್ನೂ ತೆಗೆಯುವುದು) ಹೇಳಿದ್ದರೆ ಓಪನ್ನಾ, ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲಾ ಅಂತ ಕೇಳಲೇಬೇಕು. ಎರಡನ್ನೂ ಹೋಲಿಸಿ 2018ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಕೀಹೋಲ್ ಮಾಡಿಸಿಕೊಂಡವರಲ್ಲಿ ರೋಗ ಮರಳಿದ್ದೂ ಸಾವೂ ಜಾಸ್ತಿ ಇತ್ತು.

ತಡವಾಗುತ್ತದೆ ಎಂಬ ಭಯಕ್ಕೆ ಮೊದಲ ಡಾಕ್ಟರನ್ನೇ ನೇರವಾಗಿ ಕೇಳಿದೆ: ಎಷ್ಟು ದಿನ ಕಾಯಬಹುದು? ಬೇಸರ ಮಾಡಿಕೊಳ್ಳಲಿಲ್ಲ, ಒಂದೆರಡು ವಾರ ಪರವಾಗಿಲ್ಲ ಅಂದರು, ಸ್ಲೈಡ್‌ಗೆ ಚೀಟಿಯನ್ನೂ ಅವರೇ ಬರೆದುಕೊಟ್ಟರು. ರಕ್ತಸ್ರಾವ ಜೋರಾಗಿದ್ದರೆ, ಅಥವಾ ಕೋರಿಯೊಕಾರ್ಸಿನೋಮದಂಥ (ಹೆಚ್ಚಾಗಿ ಗರ್ಭಧಾರಣೆಯ ನಂತರ ಬರುವ ಕ್ಯಾನ್ಸರ್) ವೇಗವಾಗಿ ಬೆಳೆಯುವುದಾದರೆ ಈ ಸುತ್ತಾಟ ಬೇಡ. ಚಿಕಿತ್ಸೆ ಶುರುವಾಗಲಿ, ಸ್ಲೈಡ್ ಓದಿಸುವುದು ಜೊತೆಜೊತೆಗೆ ನಡೆಯಬಹುದು.